ಕೆಮಿಕಲ್ ಕಂಪನಿಯ ಇತಿಹಾಸ ಬರೆಯಬೇಕಾ? ಮೊದಲು ಚೀಲ ನೋಡಿ

ಕೆಮಿಕಲ್ ಕಂಪನಿಯ ಇತಿಹಾಸ ಬರೆಯಲು ಹೊರಟವರು ಮೊದಲು ಕಂಪನಿಯ ವೆಬ್‌ಸೈಟು ತೆಗೆಯುತ್ತಾರೆ. ಅಲ್ಲಿ ಸ್ಥಾಪಕರ ಫೋಟೋ ಇರುತ್ತದೆ, ನಾಲ್ಕು ಇಸವಿ ಇರುತ್ತದೆ, ಗುಣಮಟ್ಟದ ಬಗ್ಗೆ ದೊಡ್ಡ ಮಾತು ಇರುತ್ತದೆ. ಅದನ್ನು ಕೊನೆಗೆ ನೋಡಿದರೂ ನಷ್ಟ ಇಲ್ಲ. ಮೊದಲು ನೋಡಬೇಕಾದ್ದು ಚೀಲ ಮತ್ತು ಡ್ರಮ್ಮು.

ನಾನು ಕೊಪ್ಪಳದ ಕಡೆ ಒಂದು ಫೌಂಡ್ರಿಯ, ಅಂದರೆ ಲೋಹದ ಎರಕ ಹೊಯ್ಯುವ ಕಾರ್ಖಾನೆಯ, ಸ್ಟೋರ್ಸಿನಲ್ಲಿ ದುಡಿದವನು. ಆ್ಯಸಿಡ್, ಕಾಸ್ಟಿಕ್ ಟ್ಯಾಂಕರಿನಲ್ಲಿ ಬರುತ್ತವೆ. ಯಾರು ಕೊಟ್ಟರೂ ಅದೇ ಮಾಲು, ರೇಟು ನೋಡಿ ಕೊಳ್ಳೋದು. ಸ್ಪೆಷಾಲಿಟಿ ಕೆಮಿಕಲ್ ಹಾಗಲ್ಲ. ಸಣ್ಣ ಡ್ರಮ್ಮಿನಲ್ಲಿ, ಪೆಟ್ಟಿಗೆಯಲ್ಲಿ ಬರುತ್ತದೆ, ಜೊತೆಗೆ ಹೇಗೆ ಬಳಸಬೇಕು ಅಂತ ಹೇಳಿಕೊಡೋ ಎಂಜಿನಿಯರ್ರೂ ಬರುತ್ತಾನೆ. ಅಲ್ಲಿ ದುಡ್ಡು ಕೊಡೋದು ಅದು ಮಾಡುವ ಕೆಲಸಕ್ಕೆ. ಹಾಗಾಗಿ ಇಂಥ ಕಂಪನಿಯ ಇತಿಹಾಸ ಬರೆಯುವಾಗ ಮೊದಲ ಪ್ರಶ್ನೆ ‘ಯಾರು ಶುರು ಮಾಡಿದರು’ ಅನ್ನೋದಲ್ಲ. ‘ಯಾರ ಯಾವ ತೊಂದರೆಗೆ ಇವರು ಮದ್ದು ಮಾರಿದರು’ ಅನ್ನೋದು.

ಒಂದು ಉದಾಹರಣೆ ಹಿಡಿದು ನೋಡೋಣ. ಕರಗಿದ ಕಬ್ಬಿಣ ಗಟ್ಟಿಯಾಗುವಾಗ ಕುಗ್ಗುತ್ತದೆ. ಕುಗ್ಗಿದ ಜಾಗ ತುಂಬಲು ಬಿಸಿ ಲೋಹ ಸಿಗದಿದ್ದರೆ ಎರಕದ ಒಳಗೆ ಪೊಳ್ಳು ಉಳಿಯುತ್ತದೆ. ಅದಕ್ಕೆ ಅಚ್ಚಿನ ಮೇಲೆ ಬಿಸಿ ಲೋಹ ನಿಲ್ಲಲು ರೈಸರ್ ಅಂತ ಒಂದು ಗುಂಡಿ ಬಿಟ್ಟು, ಅದರ ಸುತ್ತ ಸ್ಲೀವ್ ಅನ್ನೋ ಕೊಳವೆ ಕೂರಿಸುತ್ತಾರೆ. ಸ್ಲೀವನ್ನು ಕೈಯಲ್ಲಿ ಹಿಡಿದರೆ ಒತ್ತಿದ ರಟ್ಟಿನಷ್ಟು ಹಗುರ. ಎಕ್ಸೋಥರ್ಮಿಕ್, ಅಂದರೆ ಶಾಖ ಕೊಡುವ ಜಾತಿಯದಾದರೆ ಅದರೊಳಗೆ ಅಲ್ಯುಮಿನಿಯಂ ಪುಡಿ ಇರುತ್ತದೆ. ಲೋಹ ತಾಕಿದ ಕೂಡಲೇ ತಾನೇ ಉರಿದು ರೈಸರನ್ನು ಬಿಸಿ ಇಡುತ್ತದೆ. ತೇವ ತಾಗಿದರೆ ಮಾತ್ರ ಕಥೆ ಮುಗೀತು. ಮಳೆಗಾಲದಲ್ಲಿ ಪೆಟ್ಟಿಗೆಗಳನ್ನು ನೆಲಕ್ಕೆ ತಾಗದಂತೆ ಪ್ಯಾಲೆಟ್ ಮೇಲೆ ಇಡಿಸೋದೇ ನನಗೊಂದು ಕೆಲಸವಾಗಿತ್ತು. ಈಗ ಆ ಪೆಟ್ಟಿಗೆಯ ಮೇಲಿನ ಎರಡು ಹೆಸರು ಬರೆದುಕೊಳ್ಳಿ. ಒಂದು ಮಾಲಿನ ಹೆಸರು, ಉದಾಹರಣೆಗೆ ಫೀಡೆಕ್ಸ್. ಇನ್ನೊಂದು ಕಂಪನಿ ಹೆಸರು, ಫೊಸೆಕೊ. ಇನ್ನು ಈ ಎರಡನೇ ಹೆಸರಿನ ಬೆನ್ನು ಹತ್ತಿ.

ಫೊಸೆಕೊ 1932ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಫೌಂಡ್ರಿ ಸರ್ವಿಸಸ್ ಅಂತ ಶುರುವಾದದ್ದು. ಫೌಂಡ್ರಿಗಳಿಗೆ ಮಾಲೂ ಸಲಹೆಯೂ ಒಟ್ಟಿಗೆ ಮಾರುವ ವ್ಯಾಪಾರ. ಇಂಡಿಯಾದ ಕಂಪನಿ 1958ರದ್ದು. ಮೊದಲು ಗ್ರೀವ್ಸ್ ಅನ್ನೋ ಕಂಪನಿ ಜೊತೆ ಸೇರಿ ಗ್ರೀವ್ಸ್ ಫೊಸೆಕೊ ಅಂತಿತ್ತು, ಆಮೇಲೆ ಫೊಸೆಕೊ ಇಂಡಿಯಾ ಆಯಿತು. ಆ ಕಡೆ ಇಂಗ್ಲೆಂಡಿನಲ್ಲಿ 1990ರಲ್ಲಿ ಬರ್ಮಾ ಕ್ಯಾಸ್ಟ್ರಾಲ್ ಇದನ್ನು ಕೊಂಡಿತು. 2000ದಲ್ಲಿ ಬಿಪಿ ಬರ್ಮಾ ಕ್ಯಾಸ್ಟ್ರಾಲನ್ನೇ ಕೊಂಡಿತು. ಪೆಟ್ರೋಲಿನವರಿಗೆ ಫೌಂಡ್ರಿ ಯಾಕೆ ಬೇಕು? ಮರುವರ್ಷವೇ ಬಿಟ್ಟುಕೊಟ್ಟರು. 2008ರಲ್ಲಿ ಕುಕ್ಸನ್ ಅನ್ನೋ ಕಂಪನಿಯ ಕೈಗೆ ಹೋಯಿತು, 2012ರಲ್ಲಿ ಕುಕ್ಸನ್ ಇಬ್ಭಾಗವಾದಾಗ ವೆಸೂವಿಯಸ್ ಪಾಲಿಗೆ ಬಂತು. ಇಷ್ಟೆಲ್ಲ ಆದರೂ ನಮ್ಮ ಸ್ಟೋರ್ಸಿಗೆ ಬರುವ ಪೆಟ್ಟಿಗೆಯ ಮೇಲೆ ಫೊಸೆಕೊ ಅಂತಲೇ ಇತ್ತು. ಮಾಲೀಕರ ಹೆಸರಿನ ಹಿಂದೆ ಓಡಿದರೆ ದಾರಿ ತಪ್ಪುತ್ತೀರಿ. ಪೆಟ್ಟಿಗೆಯ ಮೇಲಿನ ಹೆಸರು ಹಿಡಿದುಕೊಂಡರೆ ಎಲ್ಲಿಗೋ ತಲುಪುತ್ತೀರಿ.

ಬೇರೆ ಕಂಪನಿಗಳಲ್ಲಿ ಹೆಸರು ಪೂರ್ತಿ ಮುಳುಗಿಹೋಗೋದೂ ಉಂಟು. ಸಾಂಡೋಝ್‌ನ ಕೆಮಿಕಲ್ ವಿಭಾಗ 1995ರಲ್ಲಿ ಕ್ಲಾರಿಯಂಟ್ ಆಯಿತು. 1997ರಲ್ಲಿ ಹೋಕ್ಸ್ಟ್‌ನ ಸ್ಪೆಷಾಲಿಟಿ ವ್ಯಾಪಾರವೂ ಅದಕ್ಕೇ ಸೇರಿತು. ಸೀಬಾ ಸ್ಪೆಷಾಲಿಟಿ ಕೆಮಿಕಲ್ಸ್ 1997ರಲ್ಲಿ ಹುಟ್ಟಿ 2009ರಲ್ಲಿ ಬಿಎಎಸ್‌ಎಫ್ ಹೊಟ್ಟೆಗೆ ಹೋಯಿತು. ಒಂದೇ ಹೆಸರಿನ ಎರಡು ಕಂಪನಿಗಳ ಬಗ್ಗೆಯೂ ಹುಷಾರಾಗಿರಿ. ಕೂಲಿಂಗ್ ಟವರ್ ನೀರಿಗೆ ಹಾಕುವ ಕೆಮಿಕಲ್ಲಿನ ನಾಲ್ಕೋ 1928ರಲ್ಲಿ ಷಿಕಾಗೋದಲ್ಲಿ ಹುಟ್ಟಿದ್ದು, 2011ರಿಂದ ಇಕೋಲ್ಯಾಬ್‌ನದು. ಭುವನೇಶ್ವರದ ಅಲ್ಯುಮಿನಿಯಂ ನಾಲ್ಕೋ 1981ರ ಸರ್ಕಾರಿ ಕಂಪನಿ. ಇವೆರಡಕ್ಕೂ ಸಂಬಂಧವೇ ಇಲ್ಲ.

ಇಂಡಿಯಾದ ಕಂಪನಿಯಾದರೆ ಇನ್‌ವಾಯ್ಸಿನ ತಲೆಯಲ್ಲೋ ಬುಡದಲ್ಲೋ ಸಿಐಎನ್, ಅಂದರೆ ಕಂಪನಿಯ ಗುರುತಿನ ನಂಬರ್ ಇರುತ್ತದೆ. 2013ರ ಕಂಪನಿ ಕಾಯ್ದೆ ಪ್ರಕಾರ ಲೆಟರ್‌ಹೆಡ್ಡು, ಬಿಲ್ಲು ಎಲ್ಲದರ ಮೇಲೂ ಅದು ಇರಲೇಬೇಕು. 21 ಅಕ್ಷರಗಳ ಈ ನಂಬರ್ ಓದಲು ಕಲಿತರೆ ಅರ್ಧ ಕೆಲಸ ಆದಂತೆ. ಮೊದಲ ಅಕ್ಷರ ಎಲ್ ಅಂದರೆ ಷೇರುಪೇಟೆಯಲ್ಲಿರುವ ಕಂಪನಿ, ಯು ಅಂದರೆ ಅಲ್ಲ. ಆಮೇಲೆ ಐದು ಅಂಕಿ ಉದ್ಯಮದ ಕೋಡ್. ಮುಂದಿನ ಎರಡು ಅಕ್ಷರ ರಾಜ್ಯ, ನಮ್ಮದು ಕೆಎ. ನಂತರದ ನಾಲ್ಕು ಅಂಕಿ ಕಂಪನಿ ರಿಜಿಸ್ಟರ್ ಆದ ವರ್ಷ. ಪಿಎಲ್‌ಸಿ ಅಂದರೆ ಪಬ್ಲಿಕ್, ಪಿಟಿಸಿ ಅಂದರೆ ಪ್ರೈವೇಟ್. ಕೊನೆಯ ಆರು ಅಂಕಿ ರಿಜಿಸ್ಟ್ರೇಷನ್ ನಂಬರ್. ಹೆಸರು ಎಷ್ಟು ಸಲ ಬದಲಾದರೂ ಆ ವರ್ಷ ಬದಲಾಗೋದಿಲ್ಲ.

ಆದರೆ ರಿಜಿಸ್ಟರ್ ಆದ ವರ್ಷವೇ ಬಾಯ್ಲರ್ ಹೊತ್ತಿತು ಅಂತ ಬರೆದುಬಿಡಬೇಡಿ. ರಾಯಚೂರಿನ ಶಿಲ್ಪಾ ಮೆಡಿಕೇರ್ ನೋಡಿ. 1987ರಲ್ಲಿ ಶಿಲ್ಪಾ ಆ್ಯಂಟಿಬಯಾಟಿಕ್ಸ್ ಅಂತ ಶುರುವಾಯಿತು, ಮಾಲು ತಯಾರಿಕೆ ಶುರುವಾದದ್ದು 1989ರ ನವೆಂಬರಿನಲ್ಲಿ. ಬಲ್ಕ್ ಡ್ರಗ್, ಅಂದರೆ ಔಷಧದ ಮೂಲ ಕೆಮಿಕಲ್ ಮಾಡುವ ಕಂಪನಿಗಳು ನಮ್ಮಲ್ಲಿ ತಲೆ ಎತ್ತಿದ್ದಕ್ಕೆ ಕಾರಣ ಹುಡುಕುವಾಗ 1970ರ ಪೇಟೆಂಟ್ ಕಾಯ್ದೆ ಓದಿ. ಅದು ಔಷಧದ ಮೇಲೆ ಪೇಟೆಂಟ್ ಕೊಡಲಿಲ್ಲ, ತಯಾರಿಸುವ ವಿಧಾನದ ಮೇಲೆ ಮಾತ್ರ ಕೊಟ್ಟಿತು. ಬೇರೆ ದಾರಿಯಲ್ಲಿ ಅದೇ ಮಾಲು ಮಾಡಬಲ್ಲವನಿಗೆ ಬಾಗಿಲು ತೆರೆದಿತ್ತು. 2005ರಲ್ಲಿ ಔಷಧದ ಮೇಲೂ ಪೇಟೆಂಟ್ ಬಂದು ಆ ಬಾಗಿಲು ಮುಚ್ಚಿತು. ವಿದೇಶಿ ಕಂಪನಿಯ ಶಾಖೆಯಾಗಿದ್ದರೆ 1973ರ ವಿದೇಶಿ ವಿನಿಮಯದ ಫೆರಾ ಕಾಯ್ದೆಯನ್ನೂ ನೋಡಿ. ಹೊರಗಿನವರ ಪಾಲು ಸಾಮಾನ್ಯವಾಗಿ 40 ಪರ್ಸೆಂಟಿಗೆ ಇಳಿಯಬೇಕು ಅಂದಾಗ ಎಷ್ಟೋ ಕಡೆ ಷೇರು ಕೈ ಬದಲಾಯಿತು.

ಕಂಪನಿ ವ್ಯವಹಾರ ಸಚಿವಾಲಯದ ಎಂಸಿಎ ಪೋರ್ಟಲ್ಲಿನಲ್ಲಿ ಸಿಐಎನ್ ಹಾಕಿದರೆ ಮೂಲ ವಿವರ ಪುಕ್ಕಟೆ ಸಿಗುತ್ತದೆ. ಸ್ವಲ್ಪ ಫೀಸು ಕಟ್ಟಿದರೆ ಹಳೇ ಕಾಗದಗಳನ್ನೂ ನೋಡಬಹುದು. ಎಲ್ಲರೂ ಮೆಮೊರಾಂಡಮ್, ಅಂದರೆ ಕಂಪನಿಯ ಉದ್ದೇಶ ಬರೆದ ಸ್ಥಾಪನಾ ಪತ್ರ ಓದುತ್ತಾರೆ. ನನ್ನ ಕೇಳಿದರೆ ಚಾರ್ಜ್ ಪಟ್ಟಿ, ಅಂದರೆ ಅಡಮಾನದ ಪಟ್ಟಿ ನೋಡಿ ಅನ್ನುತ್ತೇನೆ. ಯಾವ ಬ್ಯಾಂಕಿಗೆ, ಯಾವ ತಾರೀಖಿಗೆ, ಏನನ್ನು ಅಡ ಇಟ್ಟರು ಅಂತ ಅದರಲ್ಲಿರುತ್ತದೆ. ಕೆಮಿಕಲ್ ತಯಾರಿಸುವ ಹೊಸ ಪಾತ್ರೆ, ರಿಯಾಕ್ಟರ್, ಬಂದ ವರ್ಷ ಅಲ್ಲೇ ಗೊತ್ತಾಗುತ್ತದೆ. ಸಾಲದ ಕಾಗದ ಸುಳ್ಳು ಹೇಳೋದು ಕಮ್ಮಿ.

ಇದಕ್ಕಿಂತ ಒಳ್ಳೆಯ ಜಾಗ ಪರಿಸರ ಅನುಮತಿಯ ಕಡತ. ಪರಿಸರ ಪರಿಣಾಮದ 2006ರ ಅಧಿಸೂಚನೆ ಪ್ರಕಾರ ಅನುಮತಿ ಪಡೆದ ಕೆಮಿಕಲ್ ಫ್ಯಾಕ್ಟರಿಯ ವರದಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್ಲಿನಲ್ಲಿ ಸಿಗಬಹುದು. ಏನು ತಯಾರಿಸುತ್ತಾರೆ, ತಿಂಗಳಿಗೆಷ್ಟು, ಕಚ್ಚಾ ಮಾಲು ಏನು, ಹೊರಬೀಳೋದೇನು, ಎಲ್ಲ ಪಟ್ಟಿ ಇರುತ್ತದೆ. ಸಾರಾಂಶ ಕನ್ನಡದಲ್ಲೂ ಇರಬೇಕು. ಸಾರ್ವಜನಿಕ ಅಹವಾಲು ನಡೆದಿದ್ದರೆ ನಡಾವಳಿ ಬಿಡಬೇಡಿ. ಊರಿನವರು ಎದ್ದು ನಿಂತು ಬೋರ್‌ವೆಲ್ ನೀರಿನ ಬಗ್ಗೆ, ಕೆಲಸದ ಬಗ್ಗೆ ಕೇಳಿದ ಪ್ರಶ್ನೆಗಳು ಕಂಪನಿಯ ಬೆಳ್ಳಿಹಬ್ಬದ ಪುಸ್ತಕದಲ್ಲಿ ಎಲ್ಲಿ ಬರಬೇಕು?

ಹಳೇ ಕಾಲಕ್ಕೆ ಹೋಗುವವರು ಯಾವ ಜಿಲ್ಲೆಯ ಕಪಾಟು ತೆಗೆಯಬೇಕು ಅಂತ ಮೊದಲು ತಿಳಿದುಕೊಳ್ಳಿ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಹಿಂದಿನದನ್ನು ರಾಯಚೂರಿನ ಗೆಜೆಟಿಯರಿನಲ್ಲಿ, ಅಲ್ಲಿನ ಕಚೇರಿಗಳಲ್ಲಿ ಹುಡುಕಬೇಕು. 1956ಕ್ಕೆ ಮುಂಚೆ ಎರಡೂ ಹೈದರಾಬಾದಿನವು, ಕಾಗದ ಉರ್ದುವಿನಲ್ಲಿ ಇರಬಹುದು. ಬಳ್ಳಾರಿಯಾದರೆ 1953ರ ತನಕ ಮದ್ರಾಸಿನದು. ಹಟ್ಟಿಯ ಚಿನ್ನದ ಗಣಿಯ ಬಗ್ಗೆ ಹುಡುಕುವವರಿಗೂ ಇದೇ ಮಾತು. 1947ರಲ್ಲಿ ಅದು ಹೈದರಾಬಾದ್ ಗೋಲ್ಡ್ ಮೈನ್ಸ್ ಆಗಿತ್ತು. ಅದಿರಿನಿಂದ ಚಿನ್ನ ಬಿಡಿಸುವ ಸಯನೈಡ್ ವಿಧಾನದ ಬೇರು ಹುಡುಕಿದರೆ 1887ರ ಗ್ಲಾಸ್ಗೋಗೆ, ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸೋದರರಿಗೆ ಹೋಗಿ ಮುಟ್ಟುತ್ತೀರಿ.

ಕಾಗದ ಆದ ಮೇಲೆ ಜನ. ರಿಟೈರ್ ಆದವರ ಹತ್ತಿರ ಹೋಗಿ ‘ಕಂಪನಿ ಇತಿಹಾಸ ಹೇಳಿ’ ಅಂದರೆ ಎಂಡಿ ಸಾಹೇಬರನ್ನು ಹೊಗಳಿ ಚಹಾ ಕೊಟ್ಟು ಕಳಿಸುತ್ತಾರೆ. ‘ಇದಕ್ಕೂ ಮೊದಲು ಏನು ಹಾಕ್ತಿದ್ರಿ?’ ಅಂತ ಕೇಳಿ. ಎರಕದ ಒಳಗೆ ಟೊಳ್ಳು ಬಿಡಿಸಲು ಇಡುವ ಮರಳಿನ ಕೋರ್ ಮಾಡುವ ಕೋರ್ ಶಾಪಿನಲ್ಲಿದ್ದ ಒಬ್ಬ ಹಿರಿಯರಿಗೆ ನಾನು ಹಾಗೇ ಕೇಳಿದೆ. ‘ಮೊದಲ ಉಸುಕಿಗೆ ಅಗಸಿ ಎಣ್ಣಿ ಹಾಕಿ ಕಲಸ್ತಿದ್ವಿ, ಒಲಿಯಾಗ ಇಟ್ಟು ಸುಡ್ತಿದ್ವಿ. ಆಮ್ಯಾಲೆ ಸಿಲಿಕೇಟ್ ಬಂತು. ಅದಾದ ಮ್ಯಾಲೆ ಗ್ಯಾಸ್ ಬಂತು ನೋಡ್ರಿ, ಮನಿಗೆ ಹೋದ್ರ ಅಂಗಿ ಮೀನಾ ನಾರ್ತಿತ್ತು’ ಅಂದರು. ಮರಳನ್ನು ಹಿಡಿದಿಡುವ ಅಂಟಿನ, ಅಂದರೆ ಬೈಂಡರಿನ, ಮೂರು ತಲೆಮಾರಿನ ಇತಿಹಾಸ ಒಂದೇ ಉಸಿರಿನಲ್ಲಿ ಬಂತು. ಮೀನಿನ ವಾಸನೆ ಅಮೀನ್ ಗ್ಯಾಸಿನದು. ಅದು ಕೋಲ್ಡ್ ಬಾಕ್ಸ್ ವಿಧಾನ, 1968ರ ಸುಮಾರಿಗೆ ಅಮೆರಿಕದ ಆಶ್‌ಲ್ಯಾಂಡ್ ತಂದದ್ದು. ಮರಳಿಗೆ ಎರಡು ರೆಸಿನ್ ಬೆರೆಸಿ ಗ್ಯಾಸ್ ಬಿಟ್ಟರೆ ಕೋರ್ ಸೆಕೆಂಡುಗಳಲ್ಲಿ ಗಟ್ಟಿ. ಆಶ್‌ಲ್ಯಾಂಡಿನ ಆ ವ್ಯಾಪಾರ ಈಗ ಎಎಸ್‌ಕೆ ಕೆಮಿಕಲ್ಸ್ ಅನ್ನೋ ಹೆಸರಿನಲ್ಲಿದೆ. ಅಂಗಿಯ ವಾಸನೆಯಿಂದ ಕಂಪನಿಯ ವಂಶಾವಳಿ ಸಿಕ್ಕಿತು, ಅಲ್ವಾ?

ಸ್ಟೋರ್ಸಿನವರು ಗೊತ್ತಿದ್ದರೆ ಹಳೇ ಬಿನ್ ಕಾರ್ಡು, ಅಂದರೆ ಮಾಲು ಬಂದದ್ದು ಹೋದದ್ದು ಬರೆದಿಡುವ ಕಾರ್ಡು ಕೇಳಿ. ಯಾವ ತಿಂಗಳು ಒಂದು ಮಾಲು ನಿಂತು ಇನ್ನೊಂದು ಶುರುವಾಯಿತು ಅಂತ ಅದರಲ್ಲಿರುತ್ತದೆ. ಹಿರಿಯರ ನೆನಪಿಗೂ ಕಾರ್ಡಿಗೂ ತಾಳೆ ಆಗದಿದ್ದರೆ ಇಸವಿಗೆ ಕಾರ್ಡನ್ನು ನಂಬಿ, ಕಾರಣಕ್ಕೆ ಹಿರಿಯರನ್ನು ನಂಬಿ.

ಬರೆದಾದ ಮೇಲೆ ಕರಡನ್ನು ಒಬ್ಬ ಅಕೌಂಟ್ಸಿನವರಿಗೂ ಒಬ್ಬ ಶಾಪ್ ಫ್ಲೋರಿನವರಿಗೂ ಓದಿಸಿ. ಮಿಕ್ಸಿಂಗ್ ಪ್ರಮಾಣ, ಖರೀದಿ ರೇಟು ಹಾಕಬೇಡಿ, ಸುಮ್ನೆ ತಕರಾರು. ಲೇಬಲ್ಲಿನ ಫೋಟೋ ಹಾಕುವಾಗ ತಯಾರಾದ ತಾರೀಖು, ಬ್ಯಾಚ್ ನಂಬರ್ ಕಾಣಲಿ. ಮಾಲು ಕೊಂಡವರ ವಿಳಾಸದ ಮೇಲೆ ಮಾತ್ರ ಒಂದು ಚೀಟಿ ಅಂಟಿಸಿ.