ದಂತವೈದ್ಯರ ಟ್ರೇ, 14 ರಾತ್ರಿ: ಮನೆಯಲ್ಲಿ ಹಲ್ಲು ಬೆಳ್ಳಗಾಗಿಸಿದ ಕ್ರಮ

ದಂತವೈದ್ಯರು ಕೊಡುವ ಕಿಟ್‌ನಲ್ಲಿ ಎಲ್ಲರ ಕಣ್ಣು ಹೋಗುವುದು ಜೆಲ್ ಸಿರಿಂಜ್ ಮೇಲೆ: ಎಷ್ಟು ಪರ್ಸೆಂಟು, ಯಾವ ಕಂಪನಿ. ನಾನು ಮೊದಲು ನೋಡಿದ್ದು ಟ್ರೇ. ಹಲ್ಲಿನ ಅಚ್ಚು ತೆಗೆದು, ಅದರಿಂದ ಮಾಡಿದ ಪ್ಲಾಸ್ಟರ್ ಮಾದರಿಯ ಮೇಲೆ ಸುಮಾರು 1 ಮಿ.ಮೀ. ದಪ್ಪದ ಮೆದು ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ, ಗಾಳಿ ಎಳೆದು ಕೂರಿಸಿ ಇದನ್ನು ಮಾಡಿರುತ್ತಾರೆ. ಬಿಗಿಯಾಗಿ ಕೂತರೆ ಜೆಲ್ ಹಲ್ಲಿಗಂಟಿ ನಿಲ್ಲುತ್ತದೆ. ಸಡಿಲವಿದ್ದರೆ ಜೊಲ್ಲು ಒಳನುಗ್ಗುತ್ತದೆ. ಅದರಲ್ಲಿರುವ ಕಿಣ್ವಗಳು ಜೆಲ್‌ನಲ್ಲಿ ಬೆಳ್ಳಗಾಗಿಸುವ ಕೆಲಸ ಮಾಡುವ ಪೆರಾಕ್ಸೈಡನ್ನು ಒಡೆದುಹಾಕುತ್ತವೆ, ಆ ರಾತ್ರಿಯ ಜೆಲ್ ದಂಡ.

ಹಾಗಾಗಿ ಟ್ರೇ ಕೈಗೆ ಬಂದ ದಿನ ಜೆಲ್ ಹಾಕದೆ ಬರೀ ಟ್ರೇಯನ್ನೇ ಅರ್ಧ ಗಂಟೆ ಹಾಕಿಕೊಂಡು ಪರೀಕ್ಷಿಸಿದೆ. ಕನ್ನಡಿ ಮುಂದೆ ತುಟಿ ಎತ್ತಿದರೆ, ಅಂಚು ಒತ್ತುತ್ತಿರುವ ಕಡೆ ವಸಡು ಬಿಳಿಚಿಕೊಂಡಿರುತ್ತದೆ. ನಾಲಿಗೆ ಆಡಿಸಿದರೆ ಚುಚ್ಚುವ ಜಾಗ ಗೊತ್ತಾಗುತ್ತದೆ. ಅಂಥ ಕಡೆ ವೈದ್ಯರ ಹತ್ತಿರವೇ ಕತ್ತರಿಸಿಕೊಂಡು ಬರುವುದು ಒಳ್ಳೆಯದು. ತೀರ ಸಣ್ಣ ಮುಳ್ಳಾದರೆ ಉಗುರು ಉಜ್ಜುವ ಅರದಿಂದ ಎರಡು ಸಲ ಉಜ್ಜಿದರೆ ಸಾಕು.

ಇದಕ್ಕೂ ಮುಂಚೆ ತಪಾಸಣೆ, ಕ್ಲೀನಿಂಗ್ ಆಗಿರಬೇಕು. ಗಾರೆ ಕಟ್ಟಿದ ಕಡೆ ಜೆಲ್ ಹಲ್ಲನ್ನು ಮುಟ್ಟುವುದಿಲ್ಲ. ಹುಳುಕೋ ಬಿರುಕೋ ಇದ್ದರೆ ನೇರ ನರಕ್ಕೇ ಇಳಿಯುತ್ತದೆ. ಒಂದೇ ಒಂದು ಹಲ್ಲು ಬೂದುಬಣ್ಣಕ್ಕೆ ತಿರುಗಿದ್ದರೆ ಅದರ ನರ ಸತ್ತಿರಬಹುದು, ಮೊದಲು ಎಕ್ಸ್‌ರೇ. ಬಸುರಿಯರು, ಎದೆಹಾಲುಣಿಸುವವರು ಮುಂದೂಡುವುದು ರೂಢಿ. ಕ್ಯಾಪ್, ವೆನೀರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ), ಫಿಲ್ಲಿಂಗ್ ಇವಕ್ಕೆ ಎಷ್ಟು ರಾತ್ರಿ ಜೆಲ್ ಹಾಕಿದರೂ ಬಣ್ಣ ಬದಲಾಗದು. ಸುತ್ತಲಿನ ಹಲ್ಲು ಬೆಳ್ಳಗಾದ ಮೇಲೆ ಮುಂಭಾಗದ ಹಳೆಯ ಫಿಲ್ಲಿಂಗ್ ಎದ್ದು ಕಾಣುತ್ತದೆ. ಅದನ್ನು ಬದಲಿಸುವ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ನಾನು ಆರಿಸಿಕೊಂಡದ್ದು 10% ಕಾರ್ಬಮೈಡ್ ಪೆರಾಕ್ಸೈಡ್. 1989ರಲ್ಲಿ ಹೇವುಡ್ ಮತ್ತು ಹೇಮನ್ ಎಂಬ ಅಮೆರಿಕದ ದಂತವೈದ್ಯರು ಈ ರಾತ್ರಿ ಟ್ರೇ ಪದ್ಧತಿಯನ್ನು ಪ್ರಕಟಿಸಿದಾಗ ಬಳಸಿದ್ದೂ ಇದೇ ಪ್ರಮಾಣವನ್ನು. ಬಾಯಲ್ಲಿ ಅದು ಒಡೆದು ಸುಮಾರು 3.5% ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ, ಉಳಿದದ್ದು ಯೂರಿಯಾ. ಅರ್ಧದಷ್ಟು ಮೊದಲ ಎರಡು ಗಂಟೆಯಲ್ಲಿ ಖರ್ಚಾಗಿ, ಮಿಕ್ಕಿದ್ದು ಬೆಳಗಿನವರೆಗೂ ನಿಧಾನಕ್ಕೆ ಕೆಲಸ ಮಾಡುತ್ತದೆ. ಮಲಗುವಾಗ ಹಾಕಿಕೊಳ್ಳಿ ಎನ್ನುವುದು ಈ ಕಾರಣಕ್ಕೇ. ನೇರ ಹೈಡ್ರೋಜನ್ ಪೆರಾಕ್ಸೈಡ್ ಜೆಲ್ ಅರ್ಧದಿಂದ ಒಂದು ಗಂಟೆಯಲ್ಲೇ ಮುಗಿಯುವುದರಿಂದ ಹಗಲು ಹಾಕುವವರಿಗೆ ಅನುಕೂಲ. 16% ಅಥವಾ 22% ಕಾರ್ಬಮೈಡ್ ಆದರೆ ಮೊದಲ ವಾರ ಬೇಗ ಬೆಳ್ಳಗಾಗುತ್ತದೆ, ಹಲ್ಲು ಜುಮ್ಮೆನ್ನುವುದೂ ಜಾಸ್ತಿ. ಕೆಲವು ವಾರ ಕಳೆದ ಮೇಲೆ ತಲುಪುವ ಬಣ್ಣ ಹೆಚ್ಚುಕಡಿಮೆ ಒಂದೇ. ಅವಸರವಿಲ್ಲದವರಿಗೆ 10% ಧಾರಾಳ.

ರಾತ್ರಿಯ ಕೆಲಸ ಹೀಗೆ. ಫ್ರಿಜ್‌ನಿಂದ ಸಿರಿಂಜನ್ನು 15 ನಿಮಿಷ ಮುಂಚೆ ಹೊರಗಿಡುವುದು. ತಣ್ಣಗಿನ ಜೆಲ್ ಗಟ್ಟಿ, ತಳ್ಳಲು ಹೋದರೆ ಒಮ್ಮೆಲೇ ಚಿಮ್ಮುತ್ತದೆ. ಮೆದು ಬ್ರಷ್‌ನಿಂದ ಹಲ್ಲುಜ್ಜಿ, ಫ್ಲಾಸ್ ಮಾಡಿ, ಟಿಶ್ಯೂನಿಂದ ಹಲ್ಲಿನ ಮುಂಭಾಗ ಒರೆಸಿಕೊಳ್ಳುವುದು. ರಕ್ತ ಬರುವಷ್ಟು ಉಜ್ಜಿದ ವಸಡಿಗೆ ಜೆಲ್ ತಗುಲಿದರೆ ಉರಿ ಗ್ಯಾರಂಟಿ. ಆಮೇಲೆ ಟ್ರೇಯ ತುಟಿ ಕಡೆಯ ಗೋಡೆಯ ಒಳಮೈಗೆ, ನಕ್ಕರೆ ಕಾಣುವ 10 ಹಲ್ಲಿನ ಗುಂಡಿಗಳಿಗೆ ಮಾತ್ರ, ಒಂದೊಂದು ಅಕ್ಕಿಕಾಳಿನಷ್ಟು ಚುಕ್ಕೆ. ಚುಕ್ಕೆ ಇರಬೇಕಾದ್ದು ಗೋಡೆಯ ನಡುವೆ, ವಸಡಿನ ಅಂಚಿನ ಹತ್ತಿರ ಅಲ್ಲ. ಒಂದು ಸಾಲಿಗೆ 1.2 ಮಿ.ಲೀ. ಸಿರಿಂಜ್‌ನ ಮೂರನೇ ಒಂದು ಭಾಗ ದಾಟಬಾರದು. ದುಪ್ಪಟ್ಟು ಹಾಕಿದರೆ ಬೆಳುಪು ದುಪ್ಪಟ್ಟಾಗದು, ಹೆಚ್ಚಾದದ್ದೆಲ್ಲ ವಸಡಿನ ಮೇಲೆ ಉಕ್ಕುತ್ತದೆ.

ಟ್ರೇಯನ್ನು ನೇರವಾಗಿ ಮೇಲಕ್ಕೆ ಕೂರಿಸಿ, ಮುಂಭಾಗವನ್ನು ಬೆರಳಿಂದ ಮೆಲ್ಲಗೆ ಒತ್ತಿದರೆ ಚುಕ್ಕೆಗಳು ಹರಡಿ ಒಂದಕ್ಕೊಂದು ಕೂಡುವುದು ಪ್ಲಾಸ್ಟಿಕ್ ಹಿಂದೆ ಕಾಣುತ್ತದೆ. ಅಂಚಿನಲ್ಲಿ ಮಣಿಯಂತೆ ಉಕ್ಕಿದ ಜೆಲ್ಲನ್ನು ಒಣ ಬ್ರಷ್‌ನಿಂದ ಒರೆಸಿ, ಒಮ್ಮೆ ಬಾಯಿ ಮುಕ್ಕಳಿಸಿ ಉಗಿಯುವುದು. ಬೆಳಿಗ್ಗೆ ಹಿಂದಿನ ದವಡೆ ಕಡೆಯಿಂದ ಟ್ರೇ ಬಿಡಿಸಿ, ತಣ್ಣೀರಲ್ಲಿ ಬ್ರಷ್ ಮಾಡಿ, ಒಣಗಿಸಿ ಡಬ್ಬಿಗೆ. ಬಿಸಿನೀರು ಬಿದ್ದರೆ ಟ್ರೇ ಸೊಟ್ಟಗಾಗುತ್ತದೆ. (ಟಿಶ್ಯೂನಲ್ಲಿ ಸುತ್ತಿಟ್ಟ ಟ್ರೇಯ ಗತಿ ಕಸದ ಬುಟ್ಟಿ.)

ಎರಡೂ ಸಾಲನ್ನು ಒಟ್ಟಿಗೆ ಶುರು ಮಾಡಲಿಲ್ಲ. ಮೇಲಿನದಕ್ಕೆ 14 ರಾತ್ರಿ ಮುಗಿಸಿ ಆಮೇಲೆ ಕೆಳಗಿನದು. ಹೋಲಿಸಲು ಹಳೆಯ ಬಣ್ಣ ಬಾಯಲ್ಲೇ ಇರುತ್ತದೆ. ಇಲ್ಲದಿದ್ದರೆ ಹತ್ತನೇ ದಿನಕ್ಕೆ ಏನೂ ಆಗಿಲ್ಲ ಅನ್ನಿಸಿ ಜೆಲ್ ಜಾಸ್ತಿ ಹಾಕುವ ಆಸೆ ಹುಟ್ಟುತ್ತದೆ. ಫೋಟೊ ತೆಗೆಯುವುದಾದರೆ ಒಂದೇ ಕಿಟಕಿ, ಒಂದೇ ಹೊತ್ತು. ಬಾತ್‌ರೂಮ್ ಬಲ್ಬು ನಂಬುವಂಥದ್ದಲ್ಲ. ಕೋರೆಹಲ್ಲು ಮೊದಲೇ ಹೆಚ್ಚು ಹಳದಿ. ವಸಡಿನ ಹತ್ತಿರದ ಕುತ್ತಿಗೆ ಭಾಗವೂ ಎನಾಮೆಲ್ (ಹಲ್ಲಿನ ಹೊರಗಿನ ಗಟ್ಟಿ ಪದರ) ತೆಳುವಿರುವುದರಿಂದ ಹಿಂದೆ ಬೀಳುತ್ತದೆ. ಚಿಕ್ಕಂದಿನಲ್ಲಿ ಟೆಟ್ರಾಸೈಕ್ಲಿನ್ ಮಾತ್ರೆಯಿಂದ ಬಂದ ಬೂದು ಪಟ್ಟೆಗಳಿಗೆ ಎರಡು ವಾರ ಎಲ್ಲಿಗೂ ಸಾಲದು, ತಿಂಗಳುಗಟ್ಟಲೆ ಬೇಕು.

ಕಾಡುವುದು ಹೆಚ್ಚಾಗಿ ಚಳುಕು. ಪೆರಾಕ್ಸೈಡ್ ಅಣು ತೀರ ಚಿಕ್ಕದು, ಎನಾಮೆಲ್, ಅದರ ಒಳಗಿನ ಪದರವಾದ ಡೆಂಟಿನ್ ದಾಟಿ ನಿಮಿಷಗಳಲ್ಲಿ ನರದ ಕೋಣೆ ಮುಟ್ಟುತ್ತದೆ. ಏನೂ ತಾಗದೆ ಇದ್ದಕ್ಕಿದ್ದಂತೆ ಒಂದು ಬಾಚಿಹಲ್ಲಿನಲ್ಲಿ ಕರೆಂಟ್ ಹೊಡೆದ ಹಾಗಾಗಿ ಕ್ಷಣದಲ್ಲಿ ಮಾಯ. ಇದಕ್ಕೆ ಮದ್ದು ಮೊದಲೇ ಶುರುವಾಗಬೇಕು: ಎರಡು ವಾರ ಮುಂಚಿನಿಂದ 5% ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್‌ನಲ್ಲಿ ದಿನಕ್ಕೆರಡು ಸಲ ಹಲ್ಲುಜ್ಜುವುದು. ಆದರೂ ಜುಮ್ಮೆಂದರೆ ಅದೇ ಪೇಸ್ಟನ್ನು ಟ್ರೇಯಲ್ಲಿ ತೆಳ್ಳಗೆ ಹಚ್ಚಿ 10ರಿಂದ 30 ನಿಮಿಷ ಇಟ್ಟು, ಆ ರಾತ್ರಿ ಜೆಲ್‌ಗೆ ರಜೆ. ಆಮೇಲೆ ರಾತ್ರಿ ಬಿಟ್ಟು ರಾತ್ರಿ, ಅಥವಾ ಎರಡೇ ಗಂಟೆ. ನಡುವೆ ಬಿಟ್ಟರೆ ಬಂದ ಬೆಳುಪು ಹೋಗದು. ಒಂದೇ ಹಲ್ಲು ಬಿಡದೆ ಸಿಡಿಯುತ್ತಿದ್ದರೆ ಮಾತ್ರ ಅದು ಚಳುಕಲ್ಲ, ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ವಸಡಿನ ಮೇಲೆ ಬಿಳಿ ತೇಪೆ ಕಂಡರೆ ಜೆಲ್ ಉಕ್ಕಿದೆ ಅಥವಾ ಅಂಚು ಒತ್ತಿದೆ ಎಂದರ್ಥ. ತೊಳೆದು ಒಂದೆರಡು ದಿನ ಬಿಟ್ಟರೆ ಸಾಮಾನ್ಯವಾಗಿ ಮಾಯುತ್ತದೆ. ಹಲ್ಲಿನ ಮೇಲೆಯೇ ಸುಣ್ಣದಂಥ ಚುಕ್ಕೆ ಕಂಡರೆ ಅದು ಬೇರೆ. ಎನಾಮೆಲ್‌ನ ನೀರಿನಂಶ ಆರಿ ಹಾಗೆ ಕಾಣುತ್ತದೆ, ಸಂಜೆಯ ಹೊತ್ತಿಗೆ ಮಸುಕಾಗುತ್ತದೆ. ಹುಟ್ಟಿದಾಗಿನಿಂದ ಇದ್ದ ಬಿಳಿ ಮಚ್ಚೆಗಳು ಮೊದಲ ದಿನಗಳಲ್ಲಿ ಇನ್ನಷ್ಟು ಎದ್ದು ಕಾಣುವುದೂ ಉಂಟು. ಅದಕ್ಕೇ ನಿಜವಾದ ಬಣ್ಣ ತೀರ್ಮಾನಿಸಬೇಕಾದ್ದು ನಿಲ್ಲಿಸಿ ಎರಡು ವಾರವಾದ ಮೇಲೆ. ಫಿಲ್ಲಿಂಗ್ ಬದಲಿಸಲೂ ಅಷ್ಟೇ ಕಾಯಬೇಕು. ಹಲ್ಲಿನೊಳಗೆ ಉಳಿದ ಆಮ್ಲಜನಕ ಹೊಸ ಫಿಲ್ಲಿಂಗ್ ಗಟ್ಟಿಯಾಗಿ ಅಂಟಲು ಬಿಡುವುದಿಲ್ಲ.

ಮಿಕ್ಕ ಸಿರಿಂಜ್ ಫ್ರಿಜ್‌ನಲ್ಲಿರಲಿ, ಫ್ರೀಜರ್‌ನಲ್ಲಿ ಬೇಡ. ಬಣ್ಣ ಮಂಕಾದಾಗ ಒಂದರಿಂದ ಮೂರು ರಾತ್ರಿ ಅದೇ ಟ್ರೇಯಲ್ಲಿ ಹಾಕಿಕೊಂಡರೆ ಮತ್ತೆ ತಿಳಿಯಾಗುತ್ತದೆ. ನಡುವೆ ಹೊಸ ಕ್ಯಾಪೋ ದೊಡ್ಡ ಫಿಲ್ಲಿಂಗೋ ಆಗಿದ್ದರೆ ಆ ಟ್ರೇ ಸರಿಯಾಗಿ ಕೂರದು, ಹೊಸ ಅಚ್ಚು ಕೊಡಬೇಕು.