ಆರ್‌ಎಕ್ಸ್ 100ಗೆ ನಾನೇ ಮಾಡಿದ ಎಕ್ಸ್‌ಪಾನ್ಷನ್ ಚೇಂಬರ್

ಯಮಹಾ ಆರ್‌ಎಕ್ಸ್ 100ರಂಥ ಟೂ-ಸ್ಟ್ರೋಕ್ ಬೈಕಿಗೆ ಪವರ್ ಹೆಚ್ಚಿಸಲು ಸೈಲೆನ್ಸರ್ ಬದಲು ಹಾಕುವ, ನಡುವೆ ಉಬ್ಬಿದ ಹೊಗೆ ಪೈಪೇ ಎಕ್ಸ್‌ಪಾನ್ಷನ್ ಚೇಂಬರ್. ಸಿಲಿಂಡರ್‌ನ ಪೋರ್ಟ್ (ಪೆಟ್ರೋಲ್-ಗಾಳಿ, ಹೊಗೆ ಓಡಾಡುವ ಕಿಂಡಿ) ಮುಟ್ಟಿಲ್ಲ, ಹೆಡ್ ಮುಟ್ಟಿಲ್ಲ, ಕಾರ್ಬ್ಯುರೇಟರ್ ಕಂಪನಿಯದ್ದೇ. ಎಂಜಿನ್‌ಗೆ ಬದಲಿಸಿದ್ದು ಬರೀ ಚೇಂಬರ್ ಮತ್ತು ಜೆಟ್ (ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ತಿರುಪು). ಅಷ್ಟರಲ್ಲೇ ನನ್ನ ಡರ್ಟ್ ಟ್ರ್ಯಾಕ್ ಗಾಡಿ 7000 ಆರ್‌ಪಿಎಂ ದಾಟಿದ ಮೇಲೆ ಎಳೆಯುವ ರೀತಿಯೇ ಬದಲಾಗಿದೆ. 'ಪೋರ್ಟಿಂಗ್ ಇಲ್ಲದೆ ಚೇಂಬರ್ ಹಾಕಿದರೆ ದುಡ್ಡು ದಂಡ' ಅಂದವರೇ ಈಗ ಟೇಪ್ ಹಿಡಿದು ಬರುತ್ತಿದ್ದಾರೆ.

ದುಡ್ಡು ದಂಡ ಆಗಿದ್ದೂ ನಿಜ. ಮೊದಲು ತಂದ ರೆಡಿಮೇಡ್ ಚೇಂಬರ್‌ಗೆ ಆರು ಸಾವಿರದ ಹತ್ತಿರ ಕೊಟ್ಟೆ. ಸೌಂಡ್ ಭರ್ಜರಿ, ಆದರೆ ಕೆಳಗಿನ ಎಳೆತ ಹೋಯಿತು, ಮೇಲೆ ಏನೂ ಸಿಗಲಿಲ್ಲ. ಕೊಯ್ದು ನೋಡಿದರೆ ರಿವರ್ಸ್ ಕೋನ್, ಅಂದರೆ ಉಬ್ಬಿನ ನಂತರ ಕಿರಿದಾಗುತ್ತಾ ಹೋಗುವ ಭಾಗ, ಹೆಸರಿಗೆ ಮಾತ್ರ. ಅಲ್ಲಿ ಬಡಿದು ವಾಪಸ್ ಬರುವ ಒತ್ತಡದ ಅಲೆ, ಹೊಗೆ ಜೊತೆ ಆಚೆ ಹೋಗುವ ಹೊಸ ಪೆಟ್ರೋಲ್-ಗಾಳಿಯನ್ನು ಸಿಲಿಂಡರ್‌ಗೆ ತಳ್ಳುತ್ತದೆ, ಅದೇ ತಾನೇ ನಮಗೆ ಬೇಕಾದ್ದು? ಎರಡನೆಯದನ್ನು ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದೆ. ಅವರು ಸ್ಟಿಂಗರ್‌ಗೆ (ಹೊಗೆ ಹೊರಹೋಗುವ ಕೊನೆಯ ಸಣ್ಣ ಪೈಪ್) ಕೈಗೆ ಸಿಕ್ಕ ಅರ್ಧ ಇಂಚಿನ ಪೈಪ್ ಹಾಕಿದ್ದರು. ಹೊಗೆ ಹೊರಗೆ ಹೋಗಲಾಗದೆ ಎಂಜಿನ್ ಕಾದು ಪಿಸ್ಟನ್ ಸೀಜ್. ಬೋರಿಂಗ್, ಪಿಸ್ಟನ್ ಕಿಟ್ ಎಲ್ಲ ಸೇರಿ ಮೂರು ಸಾವಿರ ಚಿಲ್ಲರೆ.

ಆಮೇಲೆ ನಾನೇ ಕೂತೆ. ಕ್ರ್ಯಾಂಕ್‌ಗೆ ಡಿಗ್ರಿ ಡಿಸ್ಕ್ (ಕೋನ ಅಳೆಯುವ ತಟ್ಟೆ) ಹಾಕಿ ಎಕ್ಸಾಸ್ಟ್ ಪೋರ್ಟ್ ಎಷ್ಟು ಡಿಗ್ರಿ ತೆರೆದಿರುತ್ತದೆ ಅಂತ ಅಳೆದೆ. ಅದನ್ನು 1700ರಿಂದ ಗುಣಿಸಿ, ಬೇಕಾದ ಆರ್‌ಪಿಎಂನಿಂದ ಭಾಗಿಸಿದರೆ ಪಿಸ್ಟನ್‌ನಿಂದ ರಿವರ್ಸ್ ಕೋನ್ ನಡುವಿನವರೆಗೆ ಉದ್ದ ಇಂಚಿನಲ್ಲಿ ಸಿಗುತ್ತದೆ. 8500ಕ್ಕೆ ನನಗೆ ಬಂದಿದ್ದು 35-36 ಇಂಚು.

ಕೋನ್‌ಗಳನ್ನು ರಟ್ಟಿನಲ್ಲಿ ಕತ್ತರಿಸಿ, ಜೋಡಿಸಿ ನೋಡಿ, ಆಮೇಲೆ 20 ಗೇಜ್ ಸಿಆರ್ ಶೀಟ್‌ಗೆ (ತೆಳು ಉಕ್ಕಿನ ತಗಡು) ಇಳಿಸಿದೆ. ವೈಸ್‌ನಲ್ಲಿ ಪೈಪ್ ಕಚ್ಚಿಸಿ, ಅದರ ಮೇಲೆ ಶೀಟ್ ಇಟ್ಟು ಮರದ ಸುತ್ತಿಗೆಯಿಂದ ಸಣ್ಣಗೆ ತಟ್ಟುತ್ತಾ ಸುತ್ತಿಸಬೇಕು. ಆತುರ ಮಾಡಿದರೆ ಶೀಟ್ ಮಡಚಿಕೊಳ್ಳುತ್ತದೆ. ಇಷ್ಟು ತೆಳು ಶೀಟ್‌ಗೆ ಆರ್ಕ್ ಬೇಡ, ತೂತು ಬೀಳುತ್ತದೆ, ಗ್ಯಾಸ್ ವೆಲ್ಡಿಂಗೇ ಸರಿ. ಬೆಸುಗೆ ಮುಗಿದ ಮೇಲೆ ಎರಡೂ ಬಾಯಿ ಮುಚ್ಚಿ, ಸ್ವಲ್ಪ ಗಾಳಿ ಬಿಟ್ಟು, ಸೋಪಿನ ನೀರು ಬಳಿದೆ. ಸೂಜಿ ಮೊನೆಯಷ್ಟು ಲೀಕ್ ಇದ್ದರೂ ಗುಳ್ಳೆ ಏಳುತ್ತದೆ. ಶೀಟ್, ಗ್ಯಾಸ್, ಸ್ಪ್ರಿಂಗ್ ಎಲ್ಲ ಸೇರಿ ಸಾವಿರದ ಐನೂರು ದಾಟಲಿಲ್ಲ.

ಮೇನ್ ಜೆಟ್ ದೊಡ್ಡದು ಮಾಡದೆ ಇದನ್ನು ಓಡಿಸಬೇಡಿ. ಫುಲ್ ಥ್ರಾಟಲ್‌ನಲ್ಲೇ ಕ್ಲಚ್ ಹಿಡಿದು ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡುತ್ತಿದ್ದೆ. ಮೊದಲು ಸುಣ್ಣದ ಬಿಳಿ, ಅಂದರೆ ಪೆಟ್ರೋಲ್ ಸಾಲುತ್ತಿಲ್ಲ. ಕಾಫಿ ಬಣ್ಣಕ್ಕೆ ಬರುವವರೆಗೂ ಜೆಟ್ ಬದಲಿಸುತ್ತಲೇ ಹೋದೆ.

ಮಧ್ಯದಲ್ಲಿ ಇನ್ನೊಂದು ಪ್ರಯೋಗ. ಹೆಡರ್‌ಗೆ (ಎಂಜಿನ್‌ನಿಂದ ಹೊರಡುವ ಮೊದಲ ಪೈಪ್) ಶಾಖ ಒಳಗೇ ಉಳಿಸುವ ಪಟ್ಟಿ, ಹೀಟ್ ರ್‍ಯಾಪ್ ಸುತ್ತಿದೆ. ಒಳಗಿನ ಹೊಗೆ ಬಿಸಿಯಾದಷ್ಟೂ ಅಲೆ ಬೇಗ ವಾಪಸ್ ಬರುತ್ತದೆ, ಪವರ್ ಇನ್ನೂ ಮೇಲಿನ ಆರ್‌ಪಿಎಂಗೆ ಸರಿಯುತ್ತದೆ. ಮಣ್ಣಿನ ತಿರುವುಗಳಿಗೆ ಅದು ಬೇಡವೆನಿಸಿ ಬಿಚ್ಚಿಬಿಟ್ಟೆ. ಬದಲಿಗೆ ಹೆಡರ್ ಜಾಯಿಂಟನ್ನು ಸ್ಲೈಡಿಂಗ್ ಮಾಡಿದ್ದೇನೆ. ಉದ್ದ ಎಳೆದರೆ ಕೆಳಗಿನ ಪುಲ್ಲಿಂಗ್, ಒಳಗೆ ತಳ್ಳಿದರೆ ಮೇಲಿನದು. ಯಾವ ಟ್ರ್ಯಾಕ್‌ಗೆ ಎಷ್ಟು ಅನ್ನೋದು ನನ್ನ ಹತ್ತಿರವೇ ಇರಲಿ.

4000 ಒಳಗೆ ಸ್ಟಾಕ್ ಸೈಲೆನ್ಸರೇ ಮೇಲು, ಸುಳ್ಳು ಹೇಳಲ್ಲ. ಹಿಂದಿನ ಸ್ಪ್ರಾಕೆಟ್‌ಗೆ ಎರಡು ಹಲ್ಲು ಜಾಸ್ತಿ ಹಾಕಿ ಅದನ್ನೂ ಸರಿದೂಗಿಸಿದೆ. ಲ್ಯಾಪ್‌ಗೆ ಸುಮಾರು ಎರಡು ಸೆಕೆಂಡು ಇಳಿದಿದೆ. ಇದು ಟ್ರ್ಯಾಕ್‌ಗೆ ಮಾತ್ರ. ರೋಡಿಗೆ ಕಂಪನಿ ಸೈಲೆನ್ಸರ್ರೇ ಇರಲಿ, ಪೊಲೀಸರು ಹಿಡಿದರೆ ದಂಡ ಕಟ್ಟಬೇಕು, ಸೈಲೆನ್ಸರೂ ಹೋಗುತ್ತದೆ.

ಸ್ಟಿಂಗರ್ ಅಳತೆ ಕೇಳುವವರಿಗೆ ಇಷ್ಟೇ ಹೇಳುತ್ತೇನೆ: ಹೆಡರ್ ವ್ಯಾಸದ ನೂರಕ್ಕೆ ಅರವತ್ತರ ಆಸುಪಾಸಿನಿಂದ ಶುರು ಮಾಡಿ. ಬೆಲ್ಲಿಯ (ನಡುವಿನ ಉಬ್ಬಿದ ಭಾಗ) ಅಳತೆ ಕೇಳಬೇಡಿ, ಗಾಡಿ ತನ್ನಿ, ಕೂತು ಮಾಡೋಣ.