ಆಸ್ಪತ್ರೇಲಿರೋ ಮಗುವಿನ ಹೊಟ್ಟೆಹುಳ ಮತ್ತೆ ತೂಕ, ಎರಡನ್ನೂ ಒಟ್ಟಿಗೆ ನೋಡೋದು ಹೇಗೆ

ಮಗು ನ್ಯುಮೋನಿಯಾಗೋ ಭೇದಿಗೋ ಅಡ್ಮಿಟ್ ಆಗಿರತ್ತೆ, ಎಲ್ಲರ ಗಮನ ಆ ಕಾಯಿಲೆ ಮೇಲಿರತ್ತೆ, ಅದು ಸರಿನೇ. ಆದ್ರೆ ಮಗು ವಯಸ್ಸಿಗಿಂತ ಸಣ್ಣಗಿದ್ರೆ, ಬಿಳಿಚಿಕೊಂಡಿದ್ರೆ, ಹೊಟ್ಟೇಲಿ ಹುಳ ಇದ್ಯಾ ಅನ್ನೋದನ್ನೂ ಪೌಷ್ಟಿಕತೆ ಹೇಗಿದೆ ಅನ್ನೋದನ್ನೂ ಒಟ್ಟಿಗೇ ಕೇಳ್ಬೇಕು. ಮಲಪರೀಕ್ಷೆ ರಿಪೋರ್ಟ್ ಫೈಲಿನ ಒಂದು ಕಡೆ, ತೂಕದ ಚಾರ್ಟ್ ಇನ್ನೊಂದು ಕಡೆ ಉಳಿದುಬಿಟ್ರೆ ಎರಡರಿಂದಲೂ ಪ್ರಯೋಜನ ಇಲ್ಲ. ಮಗು ಜೊತೆ ಇರೋ ಅಪ್ಪ ಅಮ್ಮಂದಿರಿಗೆ, ವಾರ್ಡಿಗೆ ಹೊಸದಾಗಿ ಬಂದ ಸಿಸ್ಟರ್‌ಗಳಿಗೆ ಇದನ್ನ ಬರೀತಿದೀನಿ.

ಮೊದಲು ಅಳತೆ. ಅಡ್ಮಿಟ್ ಆದ ದಿನವೇ ತೂಕ ತಗೋಬೇಕು, ಬಟ್ಟೆ ಆದಷ್ಟು ಕಮ್ಮಿ ಇರ್ಲಿ. ಭೇದಿಯಿಂದ ನೀರು ಕಳ್ಕೊಂಡಿರೋ ಮಗುವಿನ ತೂಕ ನಿಜಕ್ಕಿಂತ ಕಮ್ಮಿ ತೋರಿಸತ್ತೆ, ಹಾಗಾಗಿ ನೀರಿನ ಕೊರತೆ ಸರಿಹೋದ್ಮೇಲೆ ಇನ್ನೊಂದ್ಸಲ ತೂಕ ನೋಡಿ ಅದನ್ನೇ ಲೆಕ್ಕಕ್ಕೆ ಇಟ್ಕೊಳ್ಳಿ. ಎರಡು ವರ್ಷದೊಳಗಿನ ಮಗುವಿನ ಉದ್ದನ ಮಲಗಿಸಿ ಅಳೀಬೇಕು, ದೊಡ್ಡ ಮಕ್ಕಳನ್ನ ನಿಲ್ಲಿಸಿ. 6 ತಿಂಗಳಿಂದ 5 ವರ್ಷದ ತನಕ ತೋಳಿನ ಸುತ್ತಳತೆ ತುಂಬಾ ಸಹಾಯ ಮಾಡತ್ತೆ. ಎಡಗೈ ಸಡಿಲವಾಗಿ ಇಳಿಬಿಟ್ಟು, ಭುಜದ ತುದಿಗೂ ಮೊಣಕೈ ತುದಿಗೂ ಸರಿಯಾಗಿ ಮಧ್ಯದಲ್ಲಿ ಟೇಪ್ ಸುತ್ತಬೇಕು, ಬಿಗಿದು ಎಳೀಬಾರದು. 11.5 ಸೆಂಟಿಮೀಟರಿಗಿಂತ ಕಮ್ಮಿ ಬಂದ್ರೆ ತೀವ್ರ ಅಪೌಷ್ಟಿಕತೆ, 11.5ರಿಂದ 12.5ರ ಒಳಗಿದ್ರೆ ಮಧ್ಯಮ. ಆಮೇಲೆ ಎರಡೂ ಪಾದದ ಮೇಲೆ ಹೆಬ್ಬೆರಳಿಂದ ಮೂರು ಸೆಕೆಂಡ್ ಒತ್ತಿ ನೋಡಿ, ಎರಡರಲ್ಲೂ ಗುಳಿ ಹಾಗೇ ಉಳಿದ್ರೆ ಊತ ಇದೆ ಅಂತ, ಆಗ ತೂಕ ನಾರ್ಮಲ್ ಅಂತ ತೋರಿಸಿದ್ರೂ ನಂಬೋ ಹಾಗಿಲ್ಲ, ಯಾಕಂದ್ರೆ ಅದ್ರಲ್ಲಿ ನೀರಿನ ತೂಕ ಸೇರಿರತ್ತೆ. ಈ ಪಾದ ಒತ್ತಿ ನೋಡೋ ಕೆಲಸ ಎಷ್ಟು ಸುಲಭವೋ ಅಷ್ಟೇ ಮರೆತುಹೋಗತ್ತೆ, ದಯವಿಟ್ಟು ಬಿಡ್ಬೇಡಿ.

ಈಗ ಮಲಪರೀಕ್ಷೆ. ಒಂದೇ ಸ್ಯಾಂಪಲ್ ಕೊಟ್ಟು "ಏನೂ ಇಲ್ಲ" ಅಂತ ಬಂದ್ರೆ ಅಲ್ಲಿಗೇ ನಿಲ್ಲಿಸ್ಬೇಡಿ. ಜಿಯಾರ್ಡಿಯಾ (ಕರುಳಲ್ಲಿರೋ, ಬರಿಗಣ್ಣಿಗೆ ಕಾಣದ ಒಂದು ಪರೋಪಜೀವಿ) ತರದ್ದು ದಿನಾ ಮಲದಲ್ಲಿ ಬರಲ್ಲ, ಒಂದಿನ ಬಂದು ಮಾರನೇ ದಿನ ಕಾಣದೇ ಹೋಗತ್ತೆ, ಅದಕ್ಕೇ ಅನುಮಾನ ಇದ್ರೆ ಬೇರೆಬೇರೆ ದಿನ ಮೂರು ಸ್ಯಾಂಪಲ್ ಕೇಳ್ತಾರೆ. ಮೂತ್ರ ಸೇರದ ಹಾಗೆ ಒಣಗಿದ ಶುಭ್ರ ಡಬ್ಬೀಲಿ ಹಿಡೀಬೇಕು, ಡೈಪರ್ ಹೀರ್ಕೊಂಡಿದ್ದನ್ನ ಕೆರೆದು ಕಳಿಸೋದು ಬೇಡ. ನೀರುನೀರಾಗಿ ಅಥವಾ ರಕ್ತ, ಲೋಳೆ ಸೇರಿ ಹೋಗ್ತಿದ್ರೆ ಅರ್ಧ ಗಂಟೆಯೊಳಗೆ ಲ್ಯಾಬ್ ತಲುಪ್ಬೇಕು, ಇಲ್ಲಾಂದ್ರೆ ಓಡಾಡೋ ಅಮೀಬಾ ಸತ್ತುಹೋಗಿ ಗುರುತು ಸಿಗಲ್ಲ. ಆಗ್ಲೇ ಆಂಟಿಬಯೋಟಿಕ್ ಶುರುವಾಗಿದ್ರೆ ಅದನ್ನ ಚೀಟೀಲಿ ಬರೀರಿ. ಭೇದಿ ತರೋ ಇನ್ನೊಂದು ಸಣ್ಣ ಪರೋಪಜೀವಿ ಕ್ರಿಪ್ಟೋಸ್ಪೊರಿಡಿಯಂ ಮಾಮೂಲಿ ಪರೀಕ್ಷೇಲಿ ಕಾಣಲ್ಲ, ಬೇರೆ ಬಣ್ಣ ಹಾಕಿ ನೋಡ್ಬೇಕು, ಹಾಗಾಗಿ ಭೇದಿ ಎರಡು ವಾರ ದಾಟಿದ್ರೆ "ಅದನ್ನೂ ನೋಡ್ತೀರಾ" ಅಂತ ಡಾಕ್ಟ್ರನ್ನ ಕೇಳಿ. ರಾತ್ರಿ ಗುದದ ಹತ್ರ ತುರಿಸ್ಕೊಳ್ಳೋ ಮಗುವಿಗೆ ಸೂಜಿಹುಳದ ಅನುಮಾನ ಇರತ್ತೆ, ಅದಕ್ಕೆ ಮಲಪರೀಕ್ಷೆಗಿಂತ ಟೇಪ್ ಪರೀಕ್ಷೆ ವಾಸಿ, ಬೆಳಿಗ್ಗೆ ತೊಳೆಯೋದಕ್ಕೆ ಮುಂಚೆ ಪಾರದರ್ಶಕ ಅಂಟುಟೇಪನ್ನ ಅಲ್ಲಿ ಒತ್ತಿ ತೆಗೆದು ಗಾಜಿನ ಸ್ಲೈಡಿಗೆ ಅಂಟಿಸಿ ಕೊಡೋದು.

ರಿಪೋರ್ಟ್ ಬಂತು ಅಂದ್ಕೊಳ್ಳಿ. ಕೊಕ್ಕೆಹುಳ ಕರುಳಿನ ಗೋಡೆಗೆ ಕಚ್ಕೊಂಡು ರಕ್ತ ಕುಡಿಯತ್ತೆ, ಒಂದೊಂದು ಹುಳ ಕುಡಿಯೋದು ಸ್ವಲ್ಪವೇ ಆದ್ರೂ ನೂರಾರು ಸೇರಿದ್ರೆ ಹಿಮೋಗ್ಲೋಬಿನ್ ಇಳೀತಾನೇ ಹೋಗತ್ತೆ. ಚಾಟಿಹುಳ ಜಾಸ್ತಿ ಇದ್ರೆ ರಕ್ತಭೇದಿ ಆಗಿ ಗುದ ಹೊರಗೆ ಜಾರೋದೂ ಉಂಟು. ಜಿಯಾರ್ಡಿಯಾ ಬಂದ್ರೆ ಆಹಾರ ಹೀರೋ ಒಳಪದರವೇ ಹಾಳಾಗಿ ಕೊಬ್ಬು ಜೀರ್ಣ ಆಗಲ್ಲ, ಜಿಡ್ಡುಜಿಡ್ಡಾಗಿ ಕೆಟ್ಟ ವಾಸನೆ ಮಲ ಹೋಗತ್ತೆ, ಮಗು ಚೆನ್ನಾಗಿ ತಿಂತಿದ್ರೂ ತೂಕ ಏರಲ್ಲ. ದುಂಡುಹುಳ ಗೊಂಚಲಾಗಿ ಕರುಳನ್ನೇ ಕಟ್ಟಿಹಾಕಬಹುದು, ಹೊಟ್ಟೆ ಉಬ್ಬಿ, ವಾಂತಿ ಆಗಿ, ಮಲ ಗಾಳಿ ಎರಡೂ ನಿಂತ್ರೆ ಹುಳದ ಮಾತ್ರೆ ಅಂತ ಕಾಯ್ಬೇಡಿ, ಏನೂ ತಿನ್ನಿಸದೇ ತಕ್ಷಣ ಡಾಕ್ಟ್ರಿಗೆ ಹೇಳಿ.

ಔಷಧಿ ವಿಷಯ ಡಾಕ್ಟ್ರದ್ದೇ. ತಿಳ್ಕೊಳ್ಳೋದಕ್ಕೆ ಹೇಳೋದಾದ್ರೆ, ಮಾಮೂಲಿ ಹುಳಗಳಿಗೆ ಆಲ್ಬೆಂಡಜೋಲ್ 1ರಿಂದ 2 ವರ್ಷದ ಮಗುವಿಗೆ 200 ಮಿಲಿಗ್ರಾಂ, 2 ವರ್ಷ ದಾಟಿದವರಿಗೆ 400, ಒಂದೇ ಸಲ. ಚಿಕ್ಕ ಮಕ್ಕಳಿಗೆ ಪುಡಿ ಮಾಡಿ ನೀರಲ್ಲಿ ಕಲಸಿ ಕೊಡ್ಬೇಕು, ಅಳ್ತಿರೋ ಮಗುವಿನ ಬಾಯಿಗೆ ಬಲವಂತವಾಗಿ ತುರುಕಿದ್ರೆ ಉಸಿರುನಾಳಕ್ಕೆ ಹೋಗೋ ಅಪಾಯ ಇದೆ. ಚಾಟಿಹುಳಕ್ಕೆ ಒಂದು ಡೋಸ್ ಸಾಕಾಗೋದು ಕಮ್ಮಿ. ಜಿಯಾರ್ಡಿಯಾಗೆ, ಅಮೀಬಾಗೆ ಬೇರೆ ಔಷಧಿ. ಸ್ಟೀರಾಯ್ಡ್ ಶುರು ಮಾಡೋ ಮಗು ಆದ್ರೆ ಸ್ಟ್ರಾಂಗಿಲಾಯ್ಡಿಸ್ ಹುಳ ಇದ್ಯಾ ಅನ್ನೋದು ಮೊದಲೇ ಗೊತ್ತಾದ್ರೆ ಒಳ್ಳೇದು, ಅದು ಸ್ಟೀರಾಯ್ಡ್ ಬಿದ್ಮೇಲೆ ಮೈಯೆಲ್ಲಾ ಹರಡಿ ಜೀವಕ್ಕೇ ಅಪಾಯ ತರತ್ತೆ.

ತೀವ್ರ ಅಪೌಷ್ಟಿಕತೆ ಇರೋ ಮಗುವಿಗೆ ಕ್ರಮ ಬೇರೆ, ಇಲ್ಲಿ ಆತುರ ಪಡ್ಬಾರದು. ಮೊದಲು ಸಕ್ಕರೆ ಅಂಶ ಇಳಿಯದ ಹಾಗೆ, ಮೈ ತಣ್ಣಗಾಗದ ಹಾಗೆ ನೋಡ್ಕೊಂಡು, ಸ್ವಲ್ಪಸ್ವಲ್ಪವೇ ಪದೇಪದೇ ಎಫ್-75 ಅನ್ನೋ ಚಿಕಿತ್ಸಾ ಹಾಲು ಕೊಡ್ತಾರೆ, ಮಗು ಚೇತರಿಸ್ಕೊಂಡ್ಮೇಲೇ ಹುಳದ ಮಾತ್ರೆ. ಐರನ್ ಕೂಡ ಶುರುವಿನ ದಿನಗಳಲ್ಲಿ ಕೊಡಲ್ಲ, ಹಸಿವು ಬಂದು ತೂಕ ಏರೋಕೆ ಶುರುವಾದ್ಮೇಲೆ ಕೊಡ್ತಾರೆ. ರಕ್ತ ಕಮ್ಮಿ ಇದ್ರೂ ಯಾಕೆ ಕೊಡ್ತಿಲ್ಲ ಅಂತ ಎಷ್ಟೋ ಜನ ಬೇಜಾರಾಗ್ತಾರೆ, ಅದಕ್ಕೆ ಕಾರಣ ಇದೆ, ಆಗಲೇ ಕೊಟ್ರೆ ಸೋಂಕು ಜೋರಾಗಬಹುದು. ಆಮೇಲೆ ಕೊಡೋ, ಜಾಸ್ತಿ ಶಕ್ತಿ ಇರೋ ಎಫ್-100 ಹಾಲಿಗೆ ಅಥವಾ ತಿನ್ನೋಕೆ ರೆಡಿ ಇರೋ ಚಿಕಿತ್ಸಾ ಆಹಾರಕ್ಕೆ ಬಂದ್ಮೇಲೆ ದಿನಾ ತೂಕ ಬರೀರಿ. ಪ್ರತಿ ಕಿಲೋಗೆ ದಿನಕ್ಕೆ 10 ಗ್ರಾಂಗಿಂತ ಜಾಸ್ತಿ ಏರ್ತಿದ್ರೆ ಚೆನ್ನಾಗಿದೆ, 5 ಗ್ರಾಂಗಿಂತ ಕಮ್ಮಿ ಇದ್ರೆ ಎಲ್ಲೋ ಏನೋ ಉಳ್ಕೊಂಡಿದೆ. ಮಗು ಪೂರ್ತಿ ಕುಡೀತಿದ್ರೂ ತೂಕ ನಿಂತಿದ್ರೆ ಮಲಪರೀಕ್ಷೆ ಮತ್ತೆ ಮಾಡ್ಸಿ ಅಂತ ಕೇಳೋ ಸಮಯ ಇದೇ.

ವಾರ್ಡಲ್ಲೇ ಹುಳ ಅಂಟ್ತಾ ಅನ್ನೋ ಭಯ ತುಂಬಾ ಜನಕ್ಕಿದೆ. ದುಂಡುಹುಳದ ಮೊಟ್ಟೆ ಸೋಂಕು ತರೋ ಮಟ್ಟಕ್ಕೆ ಬೆಳೆಯೋಕೆ ಮಣ್ಣಲ್ಲಿ ಎರಡು ಮೂರು ವಾರ ಬೇಕು, ಆಮೇಲೆ ಮಗುವಿನ ಹೊಟ್ಟೇಲಿ ಬೆಳೆದು ಮೊಟ್ಟೆ ಇಡೋಕೆ ಇನ್ನೂ ಎರಡು ಮೂರು ತಿಂಗಳು, ಹಾಗಾಗಿ ಅದು ಪಕ್ಕದ ಬೆಡ್ಡಿಂದ ಬಂದಿದ್ದಲ್ಲ. ಆದ್ರೆ ಜಿಯಾರ್ಡಿಯಾ, ಕ್ರಿಪ್ಟೋಸ್ಪೊರಿಡಿಯಂ ತರದ್ದು ಕೈಯಿಂದ ಕೈಗೆ ನೇರವಾಗಿ ಹೋಗತ್ತೆ. ಕ್ರಿಪ್ಟೋಸ್ಪೊರಿಡಿಯಂ ಆಲ್ಕೋಹಾಲ್ ಸ್ಯಾನಿಟೈಸರಿಗೂ ಮಾಮೂಲಿ ಕ್ಲೋರಿನ್ ನೀರಿಗೂ ಜಗ್ಗಲ್ಲ, ಡೈಪರ್ ಬದಲಾಯಿಸಿದ್ಮೇಲೆ ಸೋಪು ಹಾಕಿ ಹರಿಯೋ ನೀರಲ್ಲೇ ಉಜ್ಜಿ ತೊಳೀಬೇಕು, ಕುಡಿಯೋ ನೀರು ಕುದಿಸ್ಬೇಕು.

ಡಿಸ್ಚಾರ್ಜ್ ದಿನ ಚೀಟೀಲಿ ಇಷ್ಟು ಬರೆಸ್ಕೊಳ್ಳಿ: ಯಾವ ಹುಳ ಸಿಕ್ತು, ಯಾವ ಔಷಧಿ ಯಾವ ದಿನ ಕೊಟ್ರು, ಹೋಗುವಾಗಿನ ತೂಕ, ತೋಳಿನ ಅಳತೆ, ಮುಂದಿನ ತೂಕ ಯಾವತ್ತು. ಮನೇಲಿರೋ ಬೇರೆ ಮಕ್ಕಳಿಗೂ ನೋಡ್ಬೇಕಾ ಅಂತ ಕೇಳಿ. ಮಾತ್ರೆ ಹುಳನ ತೆಗೆಯತ್ತೆ, ಕಳ್ಕೊಂಡ ತೂಕನ ಅದು ತಂದ್ಕೊಡಲ್ಲ, ಅದಕ್ಕೆ ವಾರಗಟ್ಟಲೆ ಸರಿಯಾದ ಊಟನೇ ಬೇಕು, ಮತ್ತೆ ಅದೇ ಮಣ್ಣು ಅದೇ ನೀರಿಗೆ ಮಗು ವಾಪಸ್ ಹೋದ್ರೆ ಕೆಲವೇ ತಿಂಗಳಲ್ಲಿ ಹುಳ ತಿರುಗಿ ಬರೋದು ಮಾಮೂಲಿ, ಅದಕ್ಕೇ ಶೌಚಾಲಯ, ಕಾಲಿಗೆ ಚಪ್ಪಲಿ, ನೀರಿನ ವಿಷಯ ಡಿಸ್ಚಾರ್ಜಿಗೆ ಮುಂಚೆನೇ ಸಿಸ್ಟರ್ ಹತ್ರ ಕೂತು ಮಾತಾಡ್ಕೊಳ್ಳಿ.